ನಿಂತ ಪಂಪನ್ನು ಮತ್ತೆ ಚಾಲೂ ಮಾಡುವ ಮುನ್ನ

ನಮ್ಮ ಸಾಫ್ಟ್‌ವೇರ್ ಮಂದಿಯ ಬಳಿ ಸರ್ವರೋಗಕ್ಕೂ ಒಂದೇ ಮದ್ದಿದೆ: "ಒಮ್ಮೆ ಆಫ್ ಮಾಡಿ, ಆನ್ ಮಾಡಿ ನೋಡಿ." ಬಹಳ ಸಲ ಅದು ಕೆಲಸವನ್ನೂ ಮಾಡುತ್ತದೆ. ಏಕೆ ಕೆಲಸ ಮಾಡಿತು ಎಂದು ಯಾರೂ ಕೇಳುವುದಿಲ್ಲ, ಮನೆಗೆ ಹೋಗುವ ಟ್ರೈನಿನ ಹೊತ್ತಾಗಿರುತ್ತದೆ! ಆದರೆ ಎಂಜಿನಿಯರುಗಳಲ್ಲೇ ಇನ್ನೊಂದು ಪಂಗಡವಿದೆ. ಅವರಿಗೆ ಕಲಿಸುವ ಮೊದಲ ಪಾಠ ನಮ್ಮದಕ್ಕೆ ತೀರಾ ತದ್ವಿರುದ್ಧ. ಯಂತ್ರ ತಾನಾಗಿ ನಿಂತರೆ, ಏಕೆ ನಿಂತಿತು ಎಂದು ಗೊತ್ತಾಗುವ ತನಕ ಸ್ಟಾರ್ಟ್ ಬಟನ್ ಮುಟ್ಟಕೂಡದು. ಇವರು ತೈಲಬಾವಿಗಳ ಆಳದಲ್ಲಿ ಓಡುವ ವಿದ್ಯುತ್ ಪಂಪುಗಳನ್ನು ನೋಡಿಕೊಳ್ಳುವವರು. ಆ ಪಾಠ ಹುಟ್ಟಿದ್ದು ಹೇಗೆ, ಅಂಥದೊಂದು ಪಾಠವನ್ನು ಕಲಿಸದೆ ಬಿಟ್ಟಾಗ ನಮ್ಮ ನೆರೆಯ ಮೆಲ್ಬರ್ನ್ ನಗರಕ್ಕೆ ಏನಾಯಿತು ಎನ್ನುವುದೇ ಈ ಬರಹದ ವಿಷಯ.

ಪಂಪಿನ ಪರಿಚಯ ನಮ್ಮ ಓದುಗರಿಗೆ ಹೆಚ್ಚು ಬೇಕಾಗಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರು ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರನ್ನು ಎತ್ತುವುದನ್ನು ನೋಡಿಯೇ ಬೆಳೆದಿರುತ್ತಾರೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಒಂದೊಂದೇ ಪೈಪು ಬಿಚ್ಚುತ್ತಾ ಇಡೀ ದಿನದ ಕೆಲಸ, ಕೊನೆಗೆ ಕೆಸರು ಮೆತ್ತಿಕೊಂಡು ಮೇಲೆ ಬರುವ ಉದ್ದನೆಯ ಸಿಲಿಂಡರ್. ತೈಲಬಾವಿಯದೂ ಇದೇ ವಂಶ. ಕೆಳಗೆ ಮೋಟಾರು, ಅದರ ಮೇಲೆ ಪಂಪು, ಪೈಪಿಗೆ ಕಟ್ಟಿಕೊಂಡು ಇಳಿಯುವ ಮೂರು ಫೇಸಿನ ಕೇಬಲ್. ವ್ಯತ್ಯಾಸವಿರುವುದು ಆಳದಲ್ಲಿ ಮತ್ತು ಬಿಸಿಯಲ್ಲಿ. ಅಲ್ಲಿ ಪಂಪು ಒಂದೆರಡು ಕಿಲೋಮೀಟರ್ ಕೆಳಗೆ ಇರುವುದು ಸಾಮಾನ್ಯ. ಸುತ್ತಲಿನ ದ್ರವವೇ ನೀರು ಕುದಿಯುವಷ್ಟು ಬಿಸಿ ಇರಬಹುದು. ಅದರಲ್ಲಿ ಎಣ್ಣೆ, ಉಪ್ಪುನೀರು, ಮರಳು, ಗ್ಯಾಸು ಎಲ್ಲವೂ ಕಲಸಿಕೊಂಡಿರುತ್ತವೆ. ಮೋಟಾರಿಗೂ ಪಂಪಿಗೂ ನಡುವೆ 'ಪ್ರೊಟೆಕ್ಟರ್' ಎಂಬ ಇನ್ನೊಂದು ಭಾಗವಿದೆ. ಬಾವಿಯ ಉಪ್ಪುನೀರು ಮೋಟಾರಿನೊಳಗಿನ ಎಣ್ಣೆಗೆ ಸೇರದಂತೆ ತಡೆಯುವುದು ಅದರ ಕೆಲಸ. ಪಂಪಿನೊಳಗೆ ಒಂದರ ಮೇಲೊಂದು ನೂರಾರು ಇಂಪೆಲ್ಲರುಗಳು. ಒಂದೊಂದೂ ದ್ರವವನ್ನು ಕೆಲವೇ ಮೀಟರ್ ಎತ್ತಿ ಮೇಲಿನದಕ್ಕೆ ಒಪ್ಪಿಸುತ್ತದೆ. ಮದುವೆ ಮನೆಯಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಎಲೆ ದಾಟಿಸುತ್ತೇವಲ್ಲ, ಹಾಗೆ.

ಇದನ್ನು ರೂಪಿಸಿದವನು ಅರ್ಮೈಸ್ ಅರುಟುನಾಫ್. ಹುಟ್ಟಿದ್ದು 1893ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಟಿಫ್ಲಿಸ್ ನಗರದಲ್ಲಿ, ಅರ್ಮೇನಿಯನ್ ಕುಟುಂಬದಲ್ಲಿ. ಕ್ರಾಂತಿಯ ಗದ್ದಲದಲ್ಲಿ ಬರ್ಲಿನ್‌ಗೆ ಬಂದ. 1923ರಲ್ಲಿ ಅಮೆರಿಕಕ್ಕೆ ಹೋದ. ಹೊಸ ದೇಶಕ್ಕೆ ಕೌಶಲವೊಂದನ್ನೇ ಹೊತ್ತು ಬಂದು ಕಂಪನಿಯಿಂದ ಕಂಪನಿಗೆ ಅಲೆಯುವ ಪಾಡು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವನದೂ ಅದೇ ಆಯಿತು. ಮೋಟಾರನ್ನು ಬಾವಿಯ ದ್ರವದೊಳಗೇ ಮುಳುಗಿಸಿ ಓಡಿಸುವುದು ವಿದ್ಯುತ್ತಿನ ನಿಯಮಗಳಿಗೇ ವಿರುದ್ಧ ಎಂದು ಹೇಳಿ ಅವನನ್ನು ವಾಪಸು ಕಳಿಸಿದರೆಂಬ ಕಥೆ ಎಣ್ಣೆ ಉದ್ಯಮದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಕೊನೆಗೆ ಓಕ್ಲಹೋಮಾದ ಬಾರ್ಟಲ್ಸ್‌ವಿಲ್ ಎಂಬ ಊರಿನಲ್ಲಿ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಫ್ರಾಂಕ್ ಫಿಲಿಪ್ಸ್ ಕೈಹಿಡಿದ. 1920ರ ದಶಕದ ಕೊನೆಯಲ್ಲಿ ಕಾನ್ಸಾಸ್ ರಾಜ್ಯದ ಎಲ್ ಡೊರಾಡೊ ತೈಲಕ್ಷೇತ್ರದಲ್ಲಿ ಪಂಪು ಓಡಿ ತೋರಿಸಿತು. 1930ರಲ್ಲಿ ಕಂಪನಿಗೆ ರೆಡಾ ಎಂಬ ಹೆಸರು ಬಂತು. ಅದು 'ರಷ್ಯನ್ ಎಲೆಕ್ಟ್ರಿಕಲ್ ಡೈನಮೊ ಆಫ್ ಅರುಟುನಾಫ್' ಎಂಬುದರ ಮೊದಲ ಅಕ್ಷರಗಳು. ರಷ್ಯಾದಲ್ಲಿದ್ದಾಗಲೇ ಅವನು ಇಟ್ಟುಕೊಂಡಿದ್ದ ಹೆಸರು. ಬಿಟ್ಟುಬಂದ ಊರನ್ನು ಹೊಸ ಊರಿನ ಬೋರ್ಡಿನ ಮೇಲೆ ಬರೆದುಕೊಳ್ಳುವ ಚಾಳಿ ನಮಗೆ ಮಾತ್ರ ಇರುವುದಲ್ಲ! ಅರುಟುನಾಫ್ 1978ರಲ್ಲಿ ತೀರಿಕೊಂಡ. ಕಂಪನಿ ಕೈಯಿಂದ ಕೈಗೆ ದಾಟಿ 1998ರಲ್ಲಿ ಶ್ಲುಂಬರ್ಜೆಯ ಪಾಲಾಯಿತು. ಪಂಪಿನ ಮೇಲೆ ರೆಡಾ ಹೆಸರು ಮಾತ್ರ ಉಳಿಯಿತು.

ಯಂತ್ರವೇನೋ ಆಯಿತು. ತೊಡಕು ಶುರುವಾದದ್ದು ಅದನ್ನು ಓಡಿಸುವವರನ್ನು ತಯಾರು ಮಾಡುವುದರಲ್ಲಿ. ಕಾರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಬಹುದು, ಕಿವಿ ಕೊಟ್ಟು ಕೇಳಬಹುದು. ಇಲ್ಲಿ ಯಂತ್ರ ಕಣ್ಣಿಗೂ ಬೀಳದು, ಸದ್ದೂ ಮೇಲೆ ಬರದು. ಎತ್ತಿ ನೋಡೋಣವೆಂದರೆ ದೊಡ್ಡ ರಿಗ್ ತರಿಸಬೇಕು. ಸಮುದ್ರದ ಮೇಲಿನ ಬಾವಿಯಾದರೆ ಖರ್ಚು ಲಕ್ಷಾಂತರ ಡಾಲರ್. ಹಾಗಾಗಿ ತರಬೇತಿ ಎಂದರೆ ಬಹುಪಾಲು ಒಂದೇ ಒಂದು ಗೆರೆಯನ್ನು ಓದಲು ಕಲಿಯುವುದಾಗಿತ್ತು. ಸ್ವಿಚ್‌ಬೋರ್ಡಿನಲ್ಲಿ ಗುಂಡನೆಯ ಕಾಗದವೊಂದು ನಿಧಾನವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ ಮಸಿಯ ಪೆನ್ನು ಮೋಟಾರು ಎಳೆಯುವ ಕರೆಂಟನ್ನು ಬರೆಯುತ್ತಾ ಹೋಗುತ್ತದೆ. ಇದಕ್ಕೆ ಆಂಪ್ ಚಾರ್ಟ್ ಎಂದು ಹೆಸರು. ಪಂಪು ಸುಖವಾಗಿದ್ದರೆ ಗೆರೆ ಬಳೆಯಂತೆ ದುಂಡಗೆ ಬರುತ್ತದೆ. ಗ್ಯಾಸು ಹೆಚ್ಚು ಸೇರಿದರೆ ಗರಗಸದ ಹಲ್ಲಿನಂತೆ ನಡುಗುತ್ತದೆ. ಬಾವಿಗೆ ಎಣ್ಣೆ ಬರುವುದಕ್ಕಿಂತ ಬೇಗ ಪಂಪು ಅದನ್ನು ಎಳೆದುಬಿಟ್ಟರೆ ಗೆರೆ ಮೆಲ್ಲಗೆ ಒಳಕ್ಕೆ ಜಾರಿ, ಕೆಲಸವಿಲ್ಲದ ಮೋಟಾರು ಕರೆಂಟು ಎಳೆಯುವುದನ್ನು ಕಮ್ಮಿ ಮಾಡಿ, ಕೊನೆಗೆ ಟ್ರಿಪ್ ಆಗುತ್ತದೆ. ಮರಳು ಸಿಕ್ಕಿಕೊಂಡರೆ ಗೆರೆ ಹೊರಕ್ಕೆ ಉಬ್ಬುತ್ತದೆ. ನಾಡಿ ಹಿಡಿದು ರೋಗ ಹೇಳುತ್ತಿದ್ದ ಪಂಡಿತರ ಹಾಗೆ, ಹಳಬರು ಚಾರ್ಟು ನೋಡಿ ಬಾವಿಯ ಸ್ಥಿತಿ ಹೇಳುತ್ತಿದ್ದರು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಈ ಪಂಪುಗಳ ನಿರ್ವಹಣೆ ಮತ್ತು ದೋಷ ಪತ್ತೆಗೆಂದೇ ಪ್ರಕಟಿಸಿದ ಕೈಪಿಡಿಯಲ್ಲಿ ಇಂಥ ಚಾರ್ಟುಗಳಿಗೆ ವಿಶೇಷ ಜಾಗವಿದೆ.

ಎರಡನೆಯ ಪಾಠಶಾಲೆ ಶವಪರೀಕ್ಷೆ. ಸತ್ತ ಪಂಪು ಮೇಲೆ ಬಂದಾಗ ಅದನ್ನು ಬಿಚ್ಚಿ, ಇಂಪೆಲ್ಲರ್ ಸವೆದಿದೆಯೇ, ಶಾಫ್ಟು ತಿರುಚಿ ಮುರಿದಿದೆಯೇ, ವೈಂಡಿಂಗ್ ಸುಟ್ಟಿದೆಯೇ, ಪ್ರೊಟೆಕ್ಟರಿನಲ್ಲಿ ನೀರು ಸೇರಿದೆಯೇ ಎಂದು ಒಂದೊಂದನ್ನೂ ಬರೆದಿಟ್ಟು, ಹಳೆಯ ಆಂಪ್ ಚಾರ್ಟಿನೊಂದಿಗೆ ತಾಳೆ ನೋಡುವುದು. ಕಾಗದದ ಮೇಲಿನ ಗೆರೆಗೂ ಕೈಯಲ್ಲಿರುವ ಮುರಿದ ಶಾಫ್ಟಿಗೂ ಇರುವ ಸಂಬಂಧ ಮನಸ್ಸಿನಲ್ಲಿ ಕೂರುವುದು ಅಲ್ಲೇ.

ಆ ಮುರಿದ ಶಾಫ್ಟಿನಿಂದಲೇ ನಾನು ಮೊದಲು ಹೇಳಿದ ಪಾಠ ಗಟ್ಟಿಯಾದದ್ದು. ಪಂಪು ನಿಂತ ಕೂಡಲೇ ಪೈಪಿನಲ್ಲಿರುವ ಕಿಲೋಮೀಟರ್ ಎತ್ತರದ ದ್ರವ ಕೆಳಕ್ಕೆ ಇಳಿಯತೊಡಗುತ್ತದೆ. ತಡೆಯುವ ವಾಲ್ವ್ ಇಲ್ಲದಿದ್ದರೆ ಅದು ಇಳಿಯುತ್ತಾ ಇಂಪೆಲ್ಲರುಗಳನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಮೇಲೆ ನಿಂತವನಿಗೆ ಪಂಪು ಸತ್ತಂತೆ ಕಂಡರೂ ಕೆಳಗೆ ಅದು ಭರ್ರನೆ ಉಲ್ಟಾ ಸುತ್ತುತ್ತಿರುತ್ತದೆ. ಆ ಹೊತ್ತಿನಲ್ಲಿ ಸ್ಟಾರ್ಟ್ ಒತ್ತಿದರೆ, ಹಿಮ್ಮುಖ ತಿರುಗುವ ಶಾಫ್ಟನ್ನು ಮೋಟಾರು ಮುಂದಕ್ಕೆ ಎಳೆಯುತ್ತದೆ. ಪೆನ್ಸಿಲ್ ದಪ್ಪದ ಶಾಫ್ಟಲ್ಲದಿದ್ದರೂ ಬಾವಿಯ ಅಗಲಕ್ಕೆ ತಕ್ಕ ಸಣ್ಣ ಶಾಫ್ಟೇ ಅದು, ಲಟಕ್ಕನೆ ಮುರಿಯಬಹುದು. ಅಷ್ಟೇ ಅಲ್ಲ, ಹಿಮ್ಮುಖ ತಿರುಗುವ ಮೋಟಾರು ತಾನೇ ಜನರೇಟರ್ ಆಗಿ ಕೇಬಲ್ಲಿಗೆ ಕರೆಂಟು ಹರಿಸೀತು. ಮೇನ್ ಆಫ್ ಮಾಡಿದ್ದೇನೆಂದು ವೈರು ಮುಟ್ಟಿದವನ ಗತಿ? ಆದ್ದರಿಂದ ಕಾಯಬೇಕು. ಕಾದ ಮೇಲೂ ಮೆಗ್ಗರ್ ಹಿಡಿದು ಕೇಬಲ್ಲೂ ವೈಂಡಿಂಗೂ ಸರಿಯಿದೆಯೇ ನೋಡಬೇಕು, ಚಾರ್ಟು ಓದಬೇಕು. ಸುಟ್ಟ ಕೇಬಲ್ಲಿಗೆ ಮೂರು ಸಲ ಸ್ಟಾರ್ಟ್ ಕೊಟ್ಟರೆ ಒಂದು ಸಣ್ಣ ರಿಪೇರಿ ಪೂರ್ತಿ ಮೋಟಾರಿನ ಸಾವಾಗುತ್ತದೆ.

ಇಲ್ಲಿ ನಮ್ಮೂರ ಮಾತೊಂದನ್ನು ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿ ಮೂರು ಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಅಪರಾತ್ರಿಯಲ್ಲಿ. ಹಾವು ಚೇಳಿನ ನಡುವೆ ತೋಟಕ್ಕೆ ಹೋಗಿ ಯಾರು ಬಟನ್ ಒತ್ತಬೇಕು? ಅದಕ್ಕೇ ಆಟೋ ಸ್ಟಾರ್ಟರ್ ಬಂತು. ಕರೆಂಟು ಬಂದ ಕ್ಷಣ ಮೋಟಾರು ತಾನೇ ಚಾಲೂ! ರೈತನ ಕಷ್ಟ ಬಲ್ಲವರು ಇದನ್ನು ತಪ್ಪೆನ್ನಲಾರರು. ಆದರೆ ಊರಿನ ಎಲ್ಲ ಮೋಟಾರುಗಳೂ ಒಂದೇ ಕ್ಷಣಕ್ಕೆ ಎದ್ದು ನಿಂತರೆ ಟ್ರಾನ್ಸ್‌ಫಾರ್ಮರ್ ತಡೆದೀತೇ? ಅದು ಸುಟ್ಟರೆ ವಾರಗಟ್ಟಲೆ ಕತ್ತಲು. ಇಂಥ ಊರುಗಳಲ್ಲಿ ಬೆಳೆದ ವೈಂಡಿಂಗ್ ಶಾಪಿನ ಹುಡುಗರು ಟಾಂಗ್ ಟೆಸ್ಟರನ್ನು ವೈರಿಗೆ ಸಿಕ್ಕಿಸಿ, ಮುಳ್ಳು ನೋಡಿ, "ನೀರು ಕಮ್ಮಿ ಆಗೈತೆ ಗೌಡ್ರೇ, ಮೋಟ್ರು ಚೆನ್ನಾಗೈತೆ, ಎತ್ತಬ್ಯಾಡಿ" ಎಂದು ಹೇಳುವುದನ್ನು ನಾನು ಕಂಡಿದ್ದೇನೆ. ಆಂಪ್ ಚಾರ್ಟಿನ ವಿದ್ಯೆಯೇ ಅದು, ಸರ್ಟಿಫಿಕೇಟು ಒಂದು ಇಲ್ಲ ಅಷ್ಟೆ.

ಇನ್ನು ಆಸ್ಟ್ರೇಲಿಯಾಕ್ಕೆ ಬರೋಣ. ಈ ದೇಶದಲ್ಲಿ ವ್ಯಾಪಾರಕ್ಕಾಗುವಷ್ಟು ಎಣ್ಣೆ ಮೊದಲು ಸಿಕ್ಕಿದ್ದು 1961ರಲ್ಲಿ, ಕ್ವೀನ್ಸ್‌ಲ್ಯಾಂಡಿನ ಮೂನಿಯಲ್ಲಿ. ಆದರೆ ದೇಶದ ದೆಸೆ ಬದಲಿಸಿದ್ದು ವಿಕ್ಟೋರಿಯಾದ ದಕ್ಷಿಣಕ್ಕಿರುವ ಬಾಸ್ ಜಲಸಂಧಿ. ಲೂಯಿಸ್ ವೀಕ್ಸ್ ಎಂಬ ಅಮೆರಿಕನ್ ಭೂವಿಜ್ಞಾನಿ ಅಲ್ಲಿ ಹುಡುಕಿ ಎಂದು ಬಿಎಚ್‌ಪಿ ಕಂಪನಿಗೆ ಸಲಹೆ ಕೊಟ್ಟ. ಎಸ್ಸೋ ಜೊತೆಗೂಡಿತು. 1965ರಲ್ಲಿ ಬ್ಯಾರಾಕೂಟಾದಲ್ಲಿ ಗ್ಯಾಸು, 1967ರಲ್ಲಿ ಕಿಂಗ್‌ಫಿಷ್ ಮತ್ತು ಹ್ಯಾಲಿಬಟ್‌ನಲ್ಲಿ ಎಣ್ಣೆ ಸಿಕ್ಕಿತು. ಆ ಬಾವಿಗಳಲ್ಲಿ ಆರಂಭದಲ್ಲಿ ನೆಲದೊಳಗಿನ ಒತ್ತಡವೇ ಎಣ್ಣೆಯನ್ನು ಮೇಲೆ ನೂಕುತ್ತಿತ್ತು, ಪಂಪಿನ ಹಂಗೇ ಇರಲಿಲ್ಲ. ವಿದ್ಯುತ್ ಪಂಪುಗಳು ಕೆಲಸಕ್ಕೆ ಬಂದದ್ದು ಮರುಭೂಮಿಯ ಕೂಪರ್ ಬೇಸಿನ್ನಿನಂಥ ಕಡೆ. ಈ ವಿದ್ಯೆಯನ್ನು ಕಲಿಸಲು ಸಿಡ್ನಿಯಲ್ಲೂ ಒಂದು ನೆಲೆ ಹುಟ್ಟಿತು. ಕೆನ್ಸಿಂಗ್ಟನ್ನಿನ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ 1980ರ ದಶಕದಿಂದ ಪೆಟ್ರೋಲಿಯಂ ಎಂಜಿನಿಯರಿಂಗ್ ಕಲಿಸತೊಡಗಿತು. ಎಣ್ಣೆಯ ಹನಿಯೂ ಇಲ್ಲದ ಊರಿನಲ್ಲಿ ಎಣ್ಣೆಯ ಪಾಠ!

ಬಾಸ್ ಜಲಸಂಧಿಯ ಗ್ಯಾಸು ದಡ ಸೇರುವುದು ಮೆಲ್ಬರ್ನಿನಿಂದ ಸುಮಾರು 200 ಕಿಲೋಮೀಟರ್ ಪೂರ್ವದ ಲಾಂಗ್‌ಫರ್ಡ್ ಎಂಬಲ್ಲಿ. ಎಸ್ಸೋ ಕಂಪನಿಯ ಆ ಸ್ಥಾವರದಲ್ಲಿ 1998ರ ಸೆಪ್ಟೆಂಬರ್ 25ರ ಶುಕ್ರವಾರ ಬೆಳಗ್ಗೆ ಪಂಪುಗಳು ಟ್ರಿಪ್ ಆದವು. ಇವು ಬಾವಿಯೊಳಗಿನ ಪಂಪುಗಳಲ್ಲ, ನೆಲದ ಮೇಲಿನವು. ಆದರೆ ಪ್ರಶ್ನೆ ಅದೇ, ನಿಂತ ಪಂಪನ್ನು ಏನು ಮಾಡಬೇಕು?

ಅಲ್ಲಿನ ಏರ್ಪಾಡು ಹೀಗಿತ್ತು. ಸಮುದ್ರದಿಂದ ಬಂದ ಗ್ಯಾಸಿನಲ್ಲಿ ಅಡುಗೆ ಅನಿಲದಂಥ ಭಾರದ ಅಂಶಗಳಿರುತ್ತವೆ. 'ಲೀನ್ ಆಯಿಲ್' ಎಂಬ ತೆಳ್ಳನೆಯ ಎಣ್ಣೆಯನ್ನು ಆ ಗ್ಯಾಸಿನೊಂದಿಗೆ ಕಲಸಿದರೆ ಅದು ಆ ಅಂಶಗಳನ್ನು ಹೀರಿಕೊಳ್ಳುತ್ತದೆ. ಆಮೇಲೆ ಅದನ್ನು ಕಾಯಿಸಿ, ಹೀರಿದ್ದನ್ನು ಬಿಡಿಸಿ, ಮತ್ತೆ ಸುತ್ತು ಹಾಕಿಸುತ್ತಾರೆ. ಈ ಎಣ್ಣೆಯನ್ನು ಸುತ್ತು ಹಾಕಿಸುವ ಪಂಪುಗಳೇ ನಿಂತದ್ದು. ಬಿಸಿ ಎಣ್ಣೆಯ ಹರಿವು ನಿಂತಿತು, ತಣ್ಣನೆಯ ದ್ರವದ ಹರಿವು ಮಾತ್ರ ಮುಂದುವರಿಯಿತು. ಮಾಮೂಲಿಯಾಗಿ 100 ಡಿಗ್ರಿ ಆಸುಪಾಸು ಇರುತ್ತಿದ್ದ ಉಕ್ಕಿನ ಹೀಟ್ ಎಕ್ಸ್‌ಚೇಂಜರ್ ಒಂದು ಮೈನಸ್ 48 ಡಿಗ್ರಿಗೆ ಇಳಿಯಿತು. ಕೈ ಇಟ್ಟರೆ ಸುಡುತ್ತಿದ್ದ ಪಾತ್ರೆಯ ಹೊರಮೈ ಮೇಲೆ ಹಿಮ ಕಟ್ಟಿತು. ಕೆಲಸಗಾರರು ಅದನ್ನು ಕಣ್ಣಾರೆ ಕಂಡರು. ಒಂದು ಕಡೆ ಸೋರಿಕೆಯೂ ಶುರುವಾಗಿತ್ತು. ಬಿಸಿ ಎಣ್ಣೆಯನ್ನು ಮತ್ತೆ ಹರಿಸಿದರೆ ಎಲ್ಲ ಬೆಚ್ಚಗಾಗಿ ಸೋರುವುದು ನಿಂತೀತು ಎಂದು ಅವರಿಗೆ ಅನಿಸಿತು. ನಿಮಗಾದರೂ ನನಗಾದರೂ ಅನಿಸುತ್ತಿದ್ದುದು ಅದೇ. ಪಂಪು ಚಾಲೂ ಆಯಿತು.

ಅಷ್ಟು ತಣ್ಣಗಾದ ಉಕ್ಕು ಗಾಜಿನಂತೆ ಪೆಡಸಾಗಿರುತ್ತದೆ. ಫ್ರಿಜ್ಜಿನಿಂದ ತೆಗೆದ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಂತಾಯಿತು. ಮಧ್ಯಾಹ್ನ 12 ಗಂಟೆ 26 ನಿಮಿಷಕ್ಕೆ ಹೀಟ್ ಎಕ್ಸ್‌ಚೇಂಜರ್ ಒಡೆಯಿತು. ಹೊರನುಗ್ಗಿದ ಆವಿಯ ಮೋಡ ದೂರದಲ್ಲಿ ಉರಿಯುತ್ತಿದ್ದ ಹೀಟರುಗಳ ತನಕ ತೇಲಿ ಹೋಗಿ ಹೊತ್ತಿಕೊಂಡಿತು. ಇಬ್ಬರು ಸತ್ತರು, ಎಂಟು ಮಂದಿ ಗಾಯಗೊಂಡರು. ಬೆಂಕಿ ಪೂರ್ತಿ ಆರಲು ಎರಡು ದಿನಕ್ಕೂ ಹೆಚ್ಚು ಹಿಡಿಯಿತು.

ವಿಕ್ಟೋರಿಯಾ ರಾಜ್ಯ ಹೆಚ್ಚುಕಡಿಮೆ ಪೂರ್ತಿಯಾಗಿ ಅದೊಂದೇ ಸ್ಥಾವರವನ್ನು ನಂಬಿಕೊಂಡಿತ್ತು. 13 ಲಕ್ಷ ಮನೆಗಳ ಗ್ಯಾಸು ನಿಂತಿತು, ಸುಮಾರು ಎರಡು ವಾರ. ಚಳಿಗಾಲ ಇನ್ನೂ ಪೂರ್ತಿ ಬಿಟ್ಟಿರದ ಮೆಲ್ಬರ್ನಿನಲ್ಲಿ ತಣ್ಣೀರು ಸ್ನಾನ. ಕಾರ್ಖಾನೆಗಳು ಬಾಗಿಲು ಹಾಕಿ ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಆಗ ಅಲ್ಲಿದ್ದ ಹಿರಿಯ ಕನ್ನಡಿಗ ಮಿತ್ರರೊಬ್ಬರು ಹೇಳುತ್ತಿದ್ದರು: ಅನ್ನಕ್ಕೆ ರೈಸ್ ಕುಕ್ಕರ್ ಇತ್ತಂತೆ, ಕಾಫಿಗೆ ಎಲೆಕ್ಟ್ರಿಕ್ ಕೆಟಲ್ ಇತ್ತಂತೆ, ಒಗ್ಗರಣೆಗೆ ಮಾತ್ರ ದಾರಿ ಕಾಣದೆ ಹೊಸದಾಗಿ ಎಲೆಕ್ಟ್ರಿಕ್ ಬಾಣಲೆ ತಂದರಂತೆ. ಸಾಸಿವೆ ಸಿಡಿಯುವ ಸದ್ದು ಕೇಳಿ ಮಕ್ಕಳು ಚಪ್ಪಾಳೆ ಹೊಡೆದರಂತೆ.

ಸರ್ಕಾರ ರಾಯಲ್ ಕಮಿಷನ್ ನೇಮಿಸಿತು. ಅಧ್ಯಕ್ಷರು ಸರ್ ಡ್ಯಾರಿಲ್ ಡಾಸನ್, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. (ಇಲ್ಲಿ ಹೈಕೋರ್ಟೆಂದರೆ ನಮ್ಮ ಸುಪ್ರೀಂ ಕೋರ್ಟಿನ ದರ್ಜೆ.) ಕಂಪನಿಯ ವಾದ ಸರಳವಾಗಿತ್ತು: ನಾವು ತರಬೇತಿ ಕೊಟ್ಟಿದ್ದೆವು, ಪರೀಕ್ಷೆ ಮಾಡಿದ್ದೆವು, ದಾಖಲೆ ಇದೆ, ತಪ್ಪು ನಡೆದದ್ದು ಕೆಲಸಗಾರರಿಂದ. ಕಂಟ್ರೋಲ್ ರೂಮಿನಲ್ಲಿದ್ದ ಆಪರೇಟರ್ ಒಬ್ಬನತ್ತ ಬೆರಳು ಚಾಚಲಾಯಿತು. 1999ರ ಜೂನ್‌ನಲ್ಲಿ ಬಂದ ವರದಿ ಇದನ್ನು ಒಪ್ಪಲಿಲ್ಲ. ಲೀನ್ ಆಯಿಲ್ ಹರಿವು ನಿಂತರೆ ಉಕ್ಕು ಪೆಡಸಾಗುತ್ತದೆ, ಹಾಗಾದಾಗ ಬಿಸಿ ಎಣ್ಣೆ ಹರಿಸಬಾರದು ಎಂಬುದನ್ನು ಅವರಿಗೆ ಯಾರೂ ಮನದಟ್ಟು ಮಾಡಿರಲಿಲ್ಲ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬ ಲಿಖಿತ ಕ್ರಮವೂ ಇರಲಿಲ್ಲ. ಮೇಲ್ವಿಚಾರಕರಿಗೂ ಗೊತ್ತಿರಲಿಲ್ಲ. ಪ್ರಶ್ನೆಪತ್ರಿಕೆಗೆ ಸರಿಯುತ್ತರ ಬರೆದು ಪಾಸಾದವರಿದ್ದರು. ಆ ಉತ್ತರದ ಅರ್ಥವನ್ನು ಅವರಿಂದ ಬಿಡಿಸಿ ಹೇಳಿಸಿದವರು ಇರಲಿಲ್ಲ. ಎಸ್‌ಎಸ್‌ಎಲ್‌ಸಿಗೆ ಪ್ರಮೇಯಗಳನ್ನು ಉರು ಹೊಡೆದು ಬರೆದ ನಮಗೆ ಇದನ್ನು ವಿವರಿಸಬೇಕೆ?

ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಲಾಂಗ್‌ಫರ್ಡಿನಲ್ಲೇ ಕೂತು ಕೆಲಸ ಮಾಡುತ್ತಿದ್ದ ಎಂಜಿನಿಯರುಗಳನ್ನು 1992ರಲ್ಲಿ ಮೆಲ್ಬರ್ನ್ ಕಚೇರಿಗೆ ವರ್ಗ ಮಾಡಲಾಗಿತ್ತು. ಉಳಿತಾಯ, ದಕ್ಷತೆ ಇತ್ಯಾದಿ. ಫೋನು ಮಾಡಿದರೆ ಸಿಗುತ್ತಾರಲ್ಲ, ಎಂದರು. ಆದರೆ ಬೆಳಗಿನ ಕಾಫಿ ಕೈಯಲ್ಲಿ ಹಿಡಿದು ಸ್ಥಾವರದಲ್ಲಿ ಒಂದು ಸುತ್ತು ಬರುವ ಎಂಜಿನಿಯರ್, ಸುಡಬೇಕಾದ ಪಾತ್ರೆಯ ಮೇಲೆ ಹಿಮ ಕಂಡು, "ಏನಪ್ಪಾ ಇದು? ನಿಲ್ಲಿ, ಏನೂ ಮುಟ್ಟಬೇಡಿ" ಎನ್ನುತ್ತಿದ್ದನೇನೋ. 200 ಕಿಲೋಮೀಟರ್ ದೂರದ ಮೇಜಿನಿಂದ ಹಿಮ ಕಾಣುವುದಿಲ್ಲ. ಇದರ ಜೊತೆಗೆ ಕಂಟ್ರೋಲ್ ರೂಮಿನಲ್ಲಿ ದಿನಕ್ಕೆ ನೂರಾರು ಅಲಾರ್ಮುಗಳು ಬಡಿದುಕೊಳ್ಳುತ್ತಿದ್ದವು. ಕಿವಿ ಒಗ್ಗಿಹೋಗಿತ್ತು. ಅಪಾಯದ ಗಂಟೆಯೂ ದಿನದ ಗಂಟೆಯೂ ಒಂದೇ ಆಗಿಬಿಟ್ಟಿತ್ತು. ಸಮಾಜವಿಜ್ಞಾನಿ ಆಂಡ್ರೂ ಹಾಪ್ಕಿನ್ಸ್ ಇದನ್ನೆಲ್ಲ ಕೂಲಂಕಷವಾಗಿ ಬರೆದ 'ಲೆಸನ್ಸ್ ಫ್ರಂ ಲಾಂಗ್‌ಫರ್ಡ್' ಪುಸ್ತಕ 2000ದಲ್ಲಿ ಬಂತು. ಯಂತ್ರದ ಗಂಧವಿಲ್ಲದವರೂ ಓದಬಹುದಾದ ಪುಸ್ತಕ. 2001ರಲ್ಲಿ ವಿಕ್ಟೋರಿಯಾದ ಸುಪ್ರೀಂ ಕೋರ್ಟು ಎಸ್ಸೋಗೆ 20 ಲಕ್ಷ ಡಾಲರ್ ದಂಡ ಹಾಕಿತು.

ಈಗ ಬಾವಿಯ ಪಂಪುಗಳಿಗೆ ಹಿಂತಿರುಗಿ ನೋಡಿದರೆ ಅಲ್ಲೂ ಕಾಲ ಬದಲಾಗಿದೆ. ಗುಂಡನೆಯ ಕಾಗದದ ಜಾಗಕ್ಕೆ ಸ್ಕ್ರೀನು ಬಂದಿದೆ. ಪಂಪಿನ ಕೆಳಗೆ ಕೂರಿಸಿದ ಸೆನ್ಸರು ಒತ್ತಡ, ಉಷ್ಣತೆ, ಕಂಪನ ಎಲ್ಲವನ್ನೂ ಮೇಲೆ ಕಳಿಸುತ್ತದೆ. ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವ ಡ್ರೈವುಗಳಿವೆ. ಹಿಂದಕ್ಕೆ ಸುತ್ತುವುದು ನಿಲ್ಲುವವರೆಗೆ ಸ್ಟಾರ್ಟ್ ಆಗದಂತೆ ತಡೆಯುವ ಟೈಮರ್ ಕಂಟ್ರೋಲರಿನಲ್ಲೇ ಇರುತ್ತದೆ. ಹಲವು ಬಾವಿಗಳಿದ್ದರೆ ಒಂದಾದ ಮೇಲೊಂದು ಏಳುವಂತೆ ಸರದಿ ಹಚ್ಚುವುದೂ ಉಂಟು. ನಮ್ಮೂರ ಆಟೋ ಸ್ಟಾರ್ಟರಿಗೆ ಇದೊಂದು ಬುದ್ಧಿ ಇದ್ದಿದ್ದರೆ ಎಷ್ಟು ಟ್ರಾನ್ಸ್‌ಫಾರ್ಮರುಗಳು ಉಳಿಯುತ್ತಿದ್ದವೋ! ತರಬೇತಿಗೂ ಸಿಮ್ಯುಲೇಟರುಗಳು ಬಂದಿವೆ. ಹೊಸ ಎಂಜಿನಿಯರು ಶಾಫ್ಟು ಮುರಿಯದೆ, ಮೋಟಾರು ಸುಡದೆ ನೂರು ಸಲ ತಪ್ಪು ಮಾಡಿ ಕಲಿಯಬಹುದು. ಇದು ನಿಜಕ್ಕೂ ದೊಡ್ಡ ಲಾಭ, ನನಗೆ ಅದರಲ್ಲಿ ಅನುಮಾನವಿಲ್ಲ.

ಅನುಮಾನ ಇರುವುದು ನಮ್ಮ ಮಂದಿಯ ಬಗ್ಗೆ. ಯಾವುದಕ್ಕೆ ಅಲಾರ್ಮ್ ಕೊಡಬೇಕು ಎಂಬ ಪಟ್ಟಿಯನ್ನು ಪ್ರೋಗ್ರಾಮಿಗೆ ಇಳಿಸುವವರು ನಾವು, ಸಾಫ್ಟ್‌ವೇರಿನವರು. ಎಲ್ಲದಕ್ಕೂ ಒಂದೊಂದು ಗಂಟೆ ಕಟ್ಟಿಬಿಟ್ಟರೆ ನಮ್ಮ ತಲೆಯ ಮೇಲಿನ ಭಾರ ಇಳಿಯಿತು. 'ನಾವು ಹೇಳಿದ್ದೆವಲ್ಲ' ಎನ್ನಬಹುದು. ಅಲಾರ್ಮ್ ಬಂದಾಗ ಆಪರೇಟರ್ ಏನು ಮಾಡಬೇಕು, ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬೆರಡು ಸಾಲನ್ನು ಅದರ ಪಕ್ಕದಲ್ಲೇ ಬರೆಯಬೇಕೆಂದು ನಾನು ಮೀಟಿಂಗುಗಳಲ್ಲಿ ಹಟ ಹಿಡಿಯುತ್ತೇನೆ. ಬರೆಯಲು ಕೂತಾಗ ಬಹಳ ಸಲ ಗೊತ್ತಾಗುವುದೇನೆಂದರೆ, ಕೋಣೆಯಲ್ಲಿ ಯಾರಿಗೂ ಉತ್ತರ ತಿಳಿದಿಲ್ಲ! ಆಗ ಎಲ್ಲೋ ದೂರದ ಸೈಟಿನಲ್ಲಿರುವ, ನಿವೃತ್ತಿಗೆ ವರ್ಷ ಎಣಿಸುತ್ತಿರುವ ಹಳೆಯ ಆಪರೇಟರಿಗೆ ಫೋನು ಹೋಗುತ್ತದೆ. ಆತ ಎರಡೇ ನಿಮಿಷದಲ್ಲಿ ಹೇಳುತ್ತಾನೆ. ಅವನಿಗೆ ಅದನ್ನು ಕಲಿಸಿದ್ದು ಯಾವ ಸ್ಕ್ರೀನೂ ಅಲ್ಲ, ಬಿಚ್ಚಿ ನೋಡಿದ ಪಂಪುಗಳು.

ಲಾಂಗ್‌ಫರ್ಡಿನ ಗ್ಯಾಸು ಈಗ ಸಿಡ್ನಿಗೂ ಬರುತ್ತದೆ. 2000ದಲ್ಲಿ ಮುಗಿದ ಈಸ್ಟರ್ನ್ ಗ್ಯಾಸ್ ಪೈಪ್‌ಲೈನ್ ಸುಮಾರು 800 ಕಿಲೋಮೀಟರ್ ದಾಟಿ ಅದನ್ನು ನಮ್ಮ ಒಲೆಗೆ ತಂದುಕೊಟ್ಟಿತು. ಅಲ್ಲಿಯವರೆಗೆ ಸಿಡ್ನಿಯ ಗ್ಯಾಸೆಲ್ಲ 1976ರಿಂದ ಮರುಭೂಮಿಯ ಮೂಂಬಾದಿಂದಲೇ ಬರುತ್ತಿತ್ತು. 2004ರ ಜನವರಿ 1ರಂದು ಮೂಂಬಾದಲ್ಲೂ ಬೆಂಕಿ ಬಿತ್ತು. ಈ ಸಲ ಮಾತ್ರ ಸಿಡ್ನಿಯ ಮನೆಗಳ ಒಲೆ ಆರಲಿಲ್ಲ. ಬಾಸ್ ಜಲಸಂಧಿಯ ಹಳೆಯ ಬಾವಿಗಳು ಬರಿದಾಗುತ್ತಿವೆ. 1998ರಲ್ಲಿ ಹೊತ್ತಿ ಉರಿದ ಲಾಂಗ್‌ಫರ್ಡಿನ ಮೊದಲನೆಯ ಗ್ಯಾಸ್ ಪ್ಲಾಂಟನ್ನು 2024ರಲ್ಲಿ ಕಾಯಮ್ಮಾಗಿ ನಿಲ್ಲಿಸಿದರು.